ತಾಲೂಕಿಗೊಬ್ಬ ಸಂರಕ್ಷಣಾಧಿಕಾರಿ ಕೊಡಿ: ಉಡುಪಿ ಉಸ್ತುವಾರಿ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಲಕ್ಷ್ಮೀ ಹೆಬ್ಬಾಳಕರ್ ಅವರಿಗೆ,

ನಮಸ್ಕಾರ. ನೀವು ರಾಜ್ಯದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರು. ನಮ್ಮ ಉಡುಪಿ ಜಿಲ್ಲೆಯ ಉಸ್ತುವಾರಿಯೂ ನಿಮ್ಮದೇ. ಹಾಗಾಗಿ, ಮನೆಯೊಳಗಿನ ಹಿಂಸೆಗೆ ಸಿಕ್ಕಿದ ಹೆಂಗಸರಿಗೆ ನೆರವಾಗಬೇಕಾದ ಸಂರಕ್ಷಣಾಧಿಕಾರಿಯ ಬಗ್ಗೆ ಈ ಪತ್ರ ನಿಮಗೇ ಬರೆಯುತ್ತಿದ್ದೇನೆ.

ಮೊದಲು ನನ್ನ ನೆರೆಮನೆಯವಳ ಬಗ್ಗೆ ಹೇಳುತ್ತೇನೆ. ಹೆಸರು ಬೇಡ, ಊರೂ ಬೇಡ. ಬೀಡಿ ಕಟ್ಟುತ್ತಾಳೆ. ಮಡಿಲಲ್ಲಿ ತಡ್ಪೆ, ಅಂದರೆ ಮೊರ, ಇಟ್ಟುಕೊಂಡು ಕೂತರೆ ಬೆರಳು ಓಡುವುದು ಕಣ್ಣಿಗೆ ಸಿಕ್ಕುವುದಿಲ್ಲ. ಕಳೆದ ಮಳೆಗಾಲದ ಒಂದು ರಾತ್ರಿ 11 ಗಂಟೆಗೆ ನಮ್ಮ ಬಾಗಿಲು ತಟ್ಟಿದಳು. ಕೊಡೆ ಇರಲಿಲ್ಲ. ಬಲಗೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದಿದ್ದಳು. ತೋರುಬೆರಳು ಒಂದು ಕಡೆಗೆ ವಾಲಿತ್ತು.

ಬೆಳಿಗ್ಗೆ ಕ್ಲಿನಿಕ್‌ಗೆ ಗಂಡನೂ ಬಂದ. "ಬಚ್ಚಲಲ್ಲಿ ಜಾರಿ ಬಿದ್ದೆ" ಅಂದಳು. ಹಾಗೇ ಬರೆದುಕೊಂಡರು. ಬೆರಳಿಗೆ ಪಟ್ಟಿ ಬಿತ್ತು, 3 ವಾರ ಬೀಡಿ ಇಲ್ಲ. ಆಮೇಲೊಂದು ದಿನ, ಕಟ್ಟಿದ ಬೀಡಿ ಕೊಡುವ ಬ್ರಾಂಚಿನ ಲೆಕ್ಕದ ಪುಸ್ತಕ ತೋರಿಸಿದಳು. ಆ 3 ವಾರ ಖಾಲಿ. ಹಿಂದಿನ ಪುಟ ತಿರುಗಿಸಿದೆ. ಅಲ್ಲೂ ಖಾಲಿ ದಿನಗಳು, ಒಂದು ಕಡೆ 4, ಇನ್ನೊಂದು ಕಡೆ 2. "ಇದೆಂತ, ಜ್ವರವಾ?" ಅಂತ ಕೇಳಿದೆ. ಅವಳು ಬೆರಳಿಟ್ಟು ತೋರಿಸುತ್ತಾ ಹೋದಳು. "ಇದು ಜ್ವರ. ಇದು ಅಲ್ಲ. ಇದೂ ಅಲ್ಲ."

ಅವಳನ್ನು ಒಪ್ಪಿಸಿ ಒಂದು ಠಾಣೆಗೆ ಕರೆದುಕೊಂಡು ಹೋದೆ. ಎರಡು ಗಂಟೆ ಕೂರಿಸಿದರು. ಗಂಡನನ್ನು ಕರೆಸಿ ಬೈದರು, ಮುಚ್ಚಳಿಕೆ ಬರೆಸಿಕೊಂಡರು. "ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಲ್ವಾ ಅಮ್ಮ, ಮಕ್ಕಳ ಮುಖ ನೋಡಿ ಹೊಂದಿಕೊಂಡು ಹೋಗಿ" ಅಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಅದು ನನಗೆ ಗೊತ್ತು. ಹೊರಗೆ ಬಂದು ಬಸ್ಸಿಗೆ ಕಾಯುವಾಗ ಅವಳು ಮೆಲ್ಲಗೆ ಹೇಳಿದಳು, "ಅಕ್ಕ, ನನಗೆ ಉಂಡು ಮಲಗಿದ ಮೇಲೆಯೇ ಶುರುವಾಗುವುದು."

ಆ ಮಾತು ಅರ್ಥವಾಗಲು ನನಗೆ ಒಂದು ನಿಮಿಷ ಬೇಕಾಯಿತು.

ಗಂಡನೇ ಮಾಡಿದರೆ ಅದು ಅತ್ಯಾಚಾರವಲ್ಲ ಅನ್ನುವ ವಿನಾಯಿತಿ ಹೊಸ ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಂನಲ್ಲೂ ಉಳಿದುಕೊಂಡಿದೆ. ಹೆಂಡತಿಗೆ 18 ತುಂಬಿದ್ದರೆ ಸಾಕು. ಅದನ್ನು ಬದಲಿಸುವುದು ನಿಮ್ಮ ಕೈಯಲ್ಲಿಲ್ಲ, ದೆಹಲಿಯ ಕೈಯಲ್ಲಿದೆ. ಆದರೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಇದನ್ನು ಹಿಂಸೆ ಅಂತಲೇ ಕರೆಯುತ್ತದೆ. ಹೊಡೆತ, ಲೈಂಗಿಕ ಹಿಂಸೆ, ಬೈಗುಳ, ದುಡಿದ ದುಡ್ಡು ಕಿತ್ತುಕೊಳ್ಳುವುದು, ಎಲ್ಲವೂ ಅದರಲ್ಲಿ ಬರುತ್ತದೆ. ದೂರು ಹೇಳಲು ಬಂದ ಹೆಂಗಸಿಗೆ ಈ ಹಕ್ಕುಗಳನ್ನು ತಿಳಿಸುವುದು ಪೊಲೀಸರ ಕರ್ತವ್ಯ ಅಂತ 5ನೇ ಕಲಂ ಹೇಳುತ್ತದೆ. ಆ ಎರಡು ಗಂಟೆಯಲ್ಲಿ ಯಾರೂ ಆ ಕಾಯ್ದೆಯ ಹೆಸರೇ ಎತ್ತಲಿಲ್ಲ. ಸಂರಕ್ಷಣಾಧಿಕಾರಿ ಅಂತ ಒಬ್ಬರು ಇರುತ್ತಾರೆ ಎಂದು ನಮಗೆ ಗೊತ್ತಾದದ್ದು ತಿಂಗಳ ನಂತರ, ಒಬ್ಬ ವಕೀಲೆಯಿಂದ.

ನಾನು ಬರೆಯುತ್ತಿರುವುದು ಆ ಒಂದು ಹುದ್ದೆಯ ಬಗ್ಗೆಯೇ. ಹೆಂಗಸು ಬಂದು ಹೇಳಿದ್ದನ್ನು ವರದಿ ಮಾಡಿ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕಾದವರು ಅವರು. ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ಉಚಿತ ವಕೀಲರನ್ನು ಕೊಡಿಸುವುದು, ಕೋರ್ಟಿನ ಆದೇಶ ಜಾರಿಯಾಯಿತಾ ಅಂತ ನೋಡುವುದು, ಇದೆಲ್ಲ ಅವರದ್ದೇ ಕೆಲಸ. ಅರ್ಜಿ ಹಾಕಿದರೆ ಸಾಮಾನ್ಯವಾಗಿ 3 ದಿನದೊಳಗೆ ಮೊದಲ ವಿಚಾರಣೆ, ಅಲ್ಲಿಂದ 60 ದಿನದಲ್ಲಿ ಮುಗಿಸುವ ಪ್ರಯತ್ನ ಅಂತ ಕಾಯ್ದೆಯಲ್ಲಿದೆ. ಆದರೆ ನಮ್ಮ ರಾಜ್ಯದಲ್ಲಿ ಈ ಕೆಲಸವನ್ನು ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಹೆಗಲಿಗೆ ಹಾಕಿದ್ದೇವೆ. ಅಂಗನವಾಡಿಯ ಮೊಟ್ಟೆ, ಕಟ್ಟಡ, ಕಾರ್ಯಕರ್ತೆಯರ ರಜೆ, ಗೃಹಲಕ್ಷ್ಮಿಯ ತಕರಾರು, ಎಲ್ಲ ಮುಗಿಸಿ ಆಮೇಲೆ ಮುರಿದ ಬೆರಳು. ಅವರನ್ನು ದೂರುವುದು ಹೇಗೆ? ಜಿಲ್ಲೆ, ತಾಲೂಕು ಮಟ್ಟದಲ್ಲಿ ಸಂರಕ್ಷಣಾಧಿಕಾರಿಗಳು ಇರಲೇಬೇಕು ಅಂತ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲೂ ಹೇಳಿತು. ಕಾಗದದ ಮೇಲೆ ನಮ್ಮಲ್ಲಿ ಇದ್ದಾರೆ. ಆದರೆ ಆ ಹೊತ್ತಿಗೆ ಸಿಗಬೇಕಲ್ವಾ?

"ನಮ್ಮ ಜಿಲ್ಲೆ ಓದಿದವರ ಜಿಲ್ಲೆ, ಇಲ್ಲಿ ಹಾಗೆಲ್ಲ ಜಾಸ್ತಿ ಇಲ್ಲ" ಅಂತ ಯಾರಾದರೂ ನಿಮಗೆ ಹೇಳಿದರೆ ದಯವಿಟ್ಟು ನಂಬಬೇಡಿ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡನಿಂದ ಹಿಂಸೆ ಕಂಡ ಹೆಂಗಸರ ಲೆಕ್ಕ ಇದೆ. ಕರ್ನಾಟಕದಲ್ಲಿ 100ಕ್ಕೆ 44. ದೇಶದಲ್ಲೇ ಹೆಚ್ಚು. ಅದರ ಹಿಂದಿನ ಸಮೀಕ್ಷೆಯಲ್ಲಿ ಅದು 21ರ ಆಸುಪಾಸಿನಲ್ಲಿತ್ತು.

ಇಲ್ಲಿಯ ಹಳೆಯ ಹೆಮ್ಮೆ ಇನ್ನೊಂದಿದೆ, ಅಳಿಯಕಟ್ಟು, ಅಂದರೆ ಮನೆತನ ತಾಯಿಯ ಕಡೆಯಿಂದ ಸಾಗುವ ಪದ್ಧತಿ. ನನ್ನ ಅಜ್ಜಿಯ ಕಾಲದಲ್ಲಿ ಗಂಡನ ಜೊತೆ ಆಗದಿದ್ದರೆ ಹೆಂಗಸು ತನ್ನ ಕುಟುಂಬದ ಮನೆಗೆ ಬಂದು ಕೂತುಬಿಡುತ್ತಿದ್ದಳಂತೆ. ಯಾಕೆ ಬಂದೆ ಅಂತ ಯಾರೂ ಕೇಳುತ್ತಿರಲಿಲ್ಲ, ಆ ಮನೆ ಅವಳದ್ದೇ. ಈಗ ಕುಟುಂಬದ ಮನೆಯ ಬಾಗಿಲು ದೈವದ ಕೋಲಕ್ಕೋ ತಂಬಿಲದ ಪೂಜೆಗೋ ಮಾತ್ರ ತೆರೆಯುತ್ತದೆ. ತಾಯಿಮನೆಯಲ್ಲಿ ತಮ್ಮನ ಸಂಸಾರ ಇದೆ. ನೆರೆಮನೆಯವಳು ಮೂರು ಸಲ ಹೋಗಿ ಮೂರು ಸಲವೂ ವಾಪಸು ಬಂದಳು. ಗಂಡನ ಮನೆ ಅವಳ ಹೆಸರಲ್ಲಿ ಇಲ್ಲದಿದ್ದರೂ ಅಲ್ಲಿ ಇರುವ ಹಕ್ಕು 17ನೇ ಕಲಂ ಕೊಡುತ್ತದೆ. ಮನೆ ಅತ್ತೆ ಮಾವನ ಹೆಸರಲ್ಲಿದ್ದರೂ ಹಕ್ಕು ತಪ್ಪುವುದಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬೇಕಾದರೆ ಗಂಡನನ್ನೇ ಹೊರಗೆ ಹಾಕುವ ಆದೇಶವನ್ನೂ ಮ್ಯಾಜಿಸ್ಟ್ರೇಟ್ ಕೊಡಬಹುದು. ಇದನ್ನು ಹೇಳಿದಾಗ ಅವಳು ನಂಬಲಿಲ್ಲ. "ಸುಮ್ನೆ ಹೇಳ್ಬೇಡಿ ಅಕ್ಕ" ಅಂದಳು.

ಬಸ್ಸಿನ ವಿಷಯವನ್ನೂ ಹೇಳಿಬಿಡುತ್ತೇನೆ. ಶಕ್ತಿ ಯೋಜನೆಯ ಉಚಿತ ಟಿಕೆಟ್ ಒಳ್ಳೆಯದೇ. ಆದರೆ ನಮ್ಮ ಕರಾವಳಿಯಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಜಿಲ್ಲಾ ಕಚೇರಿಗಳಿರುವ ಮಣಿಪಾಲದ ರಜತಾದ್ರಿಗೆ ಒಂದು ಸಲ ಬಂದು ಹೋಗುವುದೆಂದರೆ ಅವಳಿಗೆ ಒಂದು ದಿನದ ಬೀಡಿಯೂ ಹೋಯಿತು, ಬಸ್ಸಿನ ದುಡ್ಡೂ ಹೋಯಿತು. ಎಲ್ಲಿಗೆ ಹೋಗಿದ್ದೆ ಅಂತ ಮನೆಯಲ್ಲಿ ಲೆಕ್ಕವನ್ನೂ ಕೊಡಬೇಕು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಉಡುಪಿ, ಕಾಪು, ಬ್ರಹ್ಮಾವರ, ಕುಂದಾಪುರ, ಬೈಂದೂರು, ಕಾರ್ಕಳ, ಹೆಬ್ರಿ, ಈ 7 ತಾಲೂಕಿಗೂ ಒಬ್ಬೊಬ್ಬ ಪೂರ್ಣಾವಧಿಯ ಸಂರಕ್ಷಣಾಧಿಕಾರಿ ಬೇಕು. ಬೇರೆ ಯಾವ ಕೆಲಸವನ್ನೂ ಅವರಿಗೆ ಹಚ್ಚಬೇಡಿ. ಅವರ ಫೋನ್ ನಂಬರ್ ಅಂಗನವಾಡಿಯ ಗೋಡೆಯ ಮೇಲಿರಲಿ. ಬೀಡಿ ಬ್ರಾಂಚು, ಗೇರುಬೀಜದ ಕಾರ್ಖಾನೆ, ಮೀನು ಮಾರ್ಕೆಟ್ಟಿನಲ್ಲೂ ಇರಲಿ. ಹೆಂಗಸರು ದಿನಾ ಕಣ್ಣು ಹಾಯಿಸುವ ಜಾಗಗಳು ಅವು. ತಾಲೂಕು ಆಸ್ಪತ್ರೆಯಲ್ಲಿ ವಾರದಲ್ಲಿ ಕೆಲವು ದಿನವಾದರೂ ಅವರು ಕೂರಲಿ. ಆಸ್ಪತ್ರೆಗೆ ಹೋಗಿದ್ದೆ ಅಂದರೆ ಯಾವ ಮನೆಯಲ್ಲೂ ಅನುಮಾನ ಬರುವುದಿಲ್ಲ.

ಮತ್ತೊಂದು ಕೆಲಸಕ್ಕೆ ಹಣವೇ ಬೇಡ. ನೀವು ನಡೆಸುವ ಕೆಡಿಪಿ ಸಭೆಯಲ್ಲಿ, ಅಂದರೆ ಜಿಲ್ಲೆಯ ಕೆಲಸಗಳ ಪ್ರಗತಿ ನೋಡುವ ಸಭೆಯಲ್ಲಿ, ಕಡಲ್ಕೊರೆತ, ರಸ್ತೆ, ಕುಡಿಯುವ ನೀರು ಎಲ್ಲದರ ಲೆಕ್ಕ ಕೇಳುತ್ತೀರಿ. ಅಲ್ಲಿ ಒಂದು ಪ್ರಶ್ನೆ ಸೇರಿಸಿ. ಕಳೆದ 3 ತಿಂಗಳಲ್ಲಿ ಯಾವ ತಾಲೂಕಿನಿಂದ ಎಷ್ಟು ಹಿಂಸೆಯ ವರದಿ ಮ್ಯಾಜಿಸ್ಟ್ರೇಟರಿಗೆ ಹೋಯಿತು, ಎಷ್ಟರಲ್ಲಿ ಆದೇಶ ಬಂತು? ಸೊನ್ನೆ ಅಂತ ಉತ್ತರ ಬಂದ ತಾಲೂಕಿನ ಬಗ್ಗೆ ಇನ್ನೂ ಎರಡು ಪ್ರಶ್ನೆ ಕೇಳಿ.

ಮೊನ್ನೆ ಅವಳ ಬೀಡಿ ಪುಸ್ತಕದ ಕೊನೆಯ ಪುಟದಲ್ಲಿ 181 ಅಂತ ಬರೆದುಕೊಟ್ಟೆ. ಮಹಿಳಾ ಸಹಾಯವಾಣಿ, ದುಡ್ಡು ಬೀಳುವುದಿಲ್ಲ ಅಂದೆ. ಬಹಳ ಹೊತ್ತು ಆ ನಂಬರನ್ನೇ ನೋಡಿದಳು. ಬೆರಳು ಈಗ ಮಡಚುತ್ತದೆ, ಪೂರ್ತಿ ಅಲ್ಲ. ಆಮೇಲೆ ಕೇಳಿದಳು, "ಫೋನ್ ಎತ್ತಿದವರಿಗೆ ತುಳು ಬರ್ತದಾ?"

ಆ ಪ್ರಶ್ನೆಯನ್ನು ನಿಮಗೆ ದಾಟಿಸುತ್ತಿದ್ದೇನೆ.

ಇಂತಿ,
ಉಡುಪಿ ಜಿಲ್ಲೆಯ ಒಬ್ಬ ಮತದಾರಳು