ಗೋದಲಿ ಇನ್ನೂ ಖಾಲಿ ಯಾಕೆ?

9 ಡಿಸೆಂಬರ್ 2025

ಪ್ರೀತಿಯ ಪೋಷಕರೇ,

ಕಳೆದ ವಾರ ಯುಕೆಜಿಯ ಒಂದು ಮಗು ಸಾಂತಾಕ್ಲಾಸ್ ಟೋಪಿ ಹಾಕಿಕೊಂಡು, ಪ್ಲಮ್ ಕೇಕಿನ ಡಬ್ಬ ಹಿಡಿದುಕೊಂಡು ಶಾಲೆಗೆ ಬಂತು. ಟೀಚರ್ ಟೋಪಿ ತೆಗೆಸಿದರು. ಕೇಕನ್ನು ಸ್ಟಾಫ್ ರೂಮಿನಲ್ಲಿ ಇಟ್ಟು ಸಂಜೆ ವಾಪಸ್ ಕಳಿಸಿದರು. ಮಗು ಅತ್ತಿತು. ಆ ರಾತ್ರಿ ವಾಟ್ಸಾಪ್ ಗುಂಪಿನಲ್ಲಿ ಏನೇನು ಬಂತು ಎಂದು ನಿಮಗೆಲ್ಲ ಗೊತ್ತು. "ಸಿಸ್ಟರ್‌ಗಳ ಶಾಲೆಯಲ್ಲೇ ಕ್ರಿಸ್ಮಸ್ ಇಲ್ವಾ?" ಎಂಬ ಮಾತು ನನ್ನವರೆಗೂ ಬಂದಿದೆ.

ಮಗುವನ್ನು ಅಳಿಸಬಾರದಿತ್ತು. ಆ ತಪ್ಪು ನನ್ನದು, ಟೀಚರದ್ದಲ್ಲ. ಡಿಸೆಂಬರ್ 22ರವರೆಗೆ ಶಾಲೆಗೆ ಕೇಕ್, ಗಿಫ್ಟ್, ಸಾಂತಾ ಡ್ರೆಸ್ ಬೇಡ ಎಂಬ ಈ ವರ್ಷದ ಹೊಸ ನಿಯಮವನ್ನು ಡೈರಿಯಲ್ಲಿ ಎರಡು ಸಾಲು ಬರೆಸಿ ಕಳಿಸಿದೆ, ಕಾರಣ ಹೇಳಲಿಲ್ಲ. ಟೀಚರ್ ನಾನು ಹೇಳಿದ್ದನ್ನು ಮಾಡಿದರು. ಬೈಯುವುದಿದ್ದರೆ ನನ್ನನ್ನು ಬೈಯಿರಿ. ಮರುದಿನ ಆ ಮಗುವನ್ನು ಆಫೀಸಿಗೆ ಕರೆದು ಮಾತನಾಡಿಸಿದ್ದೇನೆ. ಈಗ ನಾವಿಬ್ಬರೂ ದೋಸ್ತಿ.

ಆದರೆ ನಿಯಮ ಹಾಗೇ ಇರುತ್ತದೆ. ಕ್ರಿಸ್ಮಸ್ ಬೇಡ ಎಂದು ನಾವು ಹೇಳುತ್ತಿಲ್ಲ. ಇನ್ನೊಮ್ಮೆ ಹೇಳುತ್ತೇನೆ, ಕ್ರಿಸ್ಮಸ್ ಬೇಡ ಎಂದು ಯಾರೂ ಹೇಳಿಲ್ಲ. 23ನೇ ತಾರೀಖು ಹಾಡು, ನಾಟಕ, ಕೇಕ್, ಸಾಂತಾಕ್ಲಾಸ್ ಎಲ್ಲ ಇದೆ. ಅಲ್ಲಿಯವರೆಗೆ ಸ್ವಲ್ಪ ಕಾಯೋಣ, ಅಷ್ಟೇ.

ನವೆಂಬರ್ 30ರ ಭಾನುವಾರದಿಂದ ನಮಗೆ ಆಗಮನ ಕಾಲ, ಅಂದರೆ ಕ್ರಿಸ್ಮಸ್‌ಗೆ ಕಾಯುತ್ತಾ ಸಿದ್ಧವಾಗುವ ಕಾಲ. ಚರ್ಚಿನಲ್ಲಿ ಗುರುಗಳು ನೇರಳೆ ಬಣ್ಣದ ಉಡುಪಿನಲ್ಲಿದ್ದಾರೆ. ಭಾನುವಾರದ ಪೂಜೆಯಲ್ಲಿ ಗ್ಲೋರಿಯಾ ಎಂಬ ಸ್ತುತಿಗೀತೆ ಹಾಡುತ್ತಿಲ್ಲ, ಅದನ್ನು ಕ್ರಿಸ್ಮಸ್ ರಾತ್ರಿಗೆಂದು ಉಳಿಸಿಕೊಂಡಿದ್ದಾರೆ. ಮೊನ್ನೆ ಪೂಜೆಗೆ ಹೋದವರು ಸ್ನಾನಿಕ ಯೊವಾನ್ನರ ಬಗ್ಗೆ ಕೇಳಿರುತ್ತೀರಿ. ಪ್ರಭು ಬರುತ್ತಾರೆ, ದಾರಿ ಸರಿಮಾಡಿ ಎಂದು ಬೆಂಗಾಡಿನಲ್ಲಿ ಕೂಗಿದವರು ಅವರು. ಅವರ ಊಟ ಮಿಡತೆ ಮತ್ತು ಕಾಡುಜೇನು. ಅವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಡಿಸೆಂಬರ್ 3ಕ್ಕೇ ಕೇಕ್ ಕತ್ತರಿಸಲು ನನಗೆ ಯಾಕೋ ಮುಜುಗರ.

ಕ್ರೈಸ್ತರಲ್ಲದ ಮನೆಯವರಿಗೆ ಇದು ಬೇಗ ಅರ್ಥವಾಯಿತು ಎನ್ನುವುದು ನನಗೆ ಆಶ್ಚರ್ಯ. ಒಬ್ಬ ತಾಯಿ ಗೇಟಿನ ಹತ್ತಿರ ನಿಂತು, "ನೈವೇದ್ಯ ಆಗುವ ಮೊದಲು ಹೋಳಿಗೆಗೆ ಕೈ ಹಾಕಿದ್ರೆ ನಮ್ಮತ್ತೆ ಬಿಡ್ತಾರಾ ಸಿಸ್ಟರ್?" ಎಂದರು. ಜಾಸ್ತಿ ದೂರು ಬಂದದ್ದು ನಮ್ಮ ಕಥೋಲಿಕ ಮನೆಗಳಿಂದಲೇ. ಬೇಸರಕ್ಕೆ ಹೇಳುತ್ತಿಲ್ಲ, ಇದ್ದದ್ದು ಹೇಳಿದೆ. ನಮ್ಮ ಮನೆಗಳಲ್ಲೂ ಇದೇ ಪದ್ಧತಿ ಇತ್ತಲ್ವಾ? ಅಮ್ಮ ರಾತ್ರಿಯೆಲ್ಲ ಕೂತು ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳನ್ನು ಮಾಡುತ್ತಿದ್ದರು. ಕಿಡಿಯೊ, ನೆವ್ರಿ ಎಲ್ಲ ಬಿಸ್ಕತ್ತಿನ ತಗಡಿನ ಡಬ್ಬಕ್ಕೆ ತುಂಬಿ ಅಟ್ಟದ ಮೇಲೆ ಇಡುತ್ತಿದ್ದರು. ಮುರಿದ ಚೂರು ಮಾತ್ರ ನಮಗೆ. ಹಾಗಾಗಿ ನಾವು ಬೇಕೆಂದೇ ಒಂದೆರಡು ಮುರಿಯುತ್ತಿದ್ದೆವು, ಅದು ಬೇರೆ ವಿಷಯ. ಆದರೆ 24ರ ರಾತ್ರಿ ಪೂಜೆ ಮುಗಿಸಿ ಬಂದ ಮೇಲೆ ಆ ಡಬ್ಬದ ಮುಚ್ಚಳ ತೆಗೆದಾಗ ಬರುತ್ತಿದ್ದ ವಾಸನೆ ಇವತ್ತಿಗೂ ಮೂಗಿನಲ್ಲಿದೆ.

ಅಸೆಂಬ್ಲಿಯಲ್ಲಿ ಹಚ್ಚುವ ನಾಲ್ಕು ಮೇಣದಬತ್ತಿಗಳ ಹಸಿರು ಚಕ್ರದ ಬಗ್ಗೆಯೂ ಕೆಲವರು ಕೇಳಿದ್ದೀರಿ. 1839ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಬಡಮಕ್ಕಳ ಮನೆ ನಡೆಸುತ್ತಿದ್ದ ಯೊಹಾನ್ ಹಿನ್ರಿಖ್ ವಿಖರ್ನ್ ಎಂಬ ಪಾದ್ರಿ ಇದನ್ನು ಶುರುಮಾಡಿದರು. ಕ್ರಿಸ್ಮಸ್ ಯಾವಾಗ, ಯಾವಾಗ ಎಂದು ಮಕ್ಕಳು ದಿನಾ ಪೀಡಿಸುತ್ತಿದ್ದರಂತೆ. ಅವರು ಒಂದು ಬಂಡಿಚಕ್ರಕ್ಕೆ ಮೇಣದಬತ್ತಿ ಸಿಕ್ಕಿಸಿ ದಿನಕ್ಕೊಂದು ಹಚ್ಚಿಸಿದರು. ಅವರು ಲೂಥರನ್ ಪಂಥದವರು, ನಾವು ಕಥೋಲಿಕರು. ಒಳ್ಳೆಯದನ್ನು ತೆಗೆದುಕೊಳ್ಳಲು ನಮಗೇನೂ ನಾಚಿಕೆ ಇಲ್ಲ. ಪ್ರಾರ್ಥನೆಯ ಹೊತ್ತಿಗೆ ಬೇರೆ ಧರ್ಮದ ಮಕ್ಕಳು ಕೈ ಮುಗಿಯಬೇಕೆಂದಿಲ್ಲ, ಸುಮ್ನೆ ನಿಂತಿದ್ದರೆ ಸಾಕು. ಇದು ಮೊದಲಿನಿಂದಲೂ ಹೀಗೇ.

ಇನ್ನು ವರಾಂಡದ ಖಾಲಿ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ. 1223ರಲ್ಲಿ ಇಟಲಿಯ ಗ್ರೆಚ್ಚೊ ಊರಿನಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಗೋದಲಿ ಮಾಡಿದಾಗ ಅಲ್ಲಿದ್ದದ್ದು ಹುಲ್ಲು, ಒಂದು ಎತ್ತು, ಒಂದು ಕತ್ತೆ. ನಾವು ಹುಲ್ಲಿನಿಂದ ಶುರುಮಾಡಿದ್ದೇವೆ. ಯಾರಿಗೂ ಹೇಳದೆ ಒಂದು ಒಳ್ಳೆಯ ಕೆಲಸ ಮಾಡಿದ ಮಗು ಬುಟ್ಟಿಯಿಂದ ಒಂದು ಎಳೆ ಬೈಹುಲ್ಲು ತೆಗೆದು ಗೋದಲಿಯಲ್ಲಿ ಇಡುತ್ತದೆ. ಯಾರೂ ಲೆಕ್ಕ ಇಡುವುದಿಲ್ಲ, ಬಹುಮಾನವೂ ಇಲ್ಲ. ರಜೆಗೆ ಮುಂಚೆ ಆ ಹುಲ್ಲಿನ ಮೇಲೆ ಬಾಲಯೇಸುವನ್ನು ಮಲಗಿಸುತ್ತೇವೆ.

ಮೊನ್ನೆ ನಾಲ್ಕನೇ ಕ್ಲಾಸಿನ ಹುಡುಗನೊಬ್ಬ ಬುಟ್ಟಿಯ ಮುಂದೆ ತುಂಬಾ ಹೊತ್ತು ನಿಂತಿದ್ದ. ಏನಪ್ಪಾ ಎಂದೆ. "ಬೆಳಿಗ್ಗೆ ತಮ್ಮನಿಗೆ ಹೊಡೀಲಿಲ್ಲ ಸಿಸ್ಟರ್. ಆದ್ರೆ ಹೊಡೀಬೇಕು ಅಂತ ತುಂಬಾ ಅನ್ನಿಸಿತ್ತು. ಹುಲ್ಲು ಇಡಬಹುದಾ?" ಎಂದ. ಇಷ್ಟು ವರ್ಷ ಧರ್ಮೋಪದೇಶ ಹೇಳಿಕೊಟ್ಟ ನನಗೂ ತಕ್ಷಣ ಉತ್ತರ ಹೊಳೆಯಲಿಲ್ಲ. ಇಡು ಎಂದೆ. ಅವನು ಬುಟ್ಟಿಯಲ್ಲಿ ಹುಡುಕಿ ಹುಡುಕಿ ಒಂದು ಗಿಡ್ಡ ಎಳೆ ತೆಗೆದು ಇಟ್ಟು ಹೋದ.

ಡಿಸೆಂಬರ್‌ನಲ್ಲೇ ಬೇರೆ ಶಾಲೆಗಳು ಮರ ನಿಲ್ಲಿಸಿವೆ, ಫೋಟೋ ಹಾಕಿವೆ, ನಿಜ. ಅವರದು ತಪ್ಪು ಎಂದು ನಾನು ಹೇಳುವುದಿಲ್ಲ. ನಮ್ಮ ಮಕ್ಕಳು ಹಿಂದೆ ಬಿದ್ದರು ಎಂದು ಮಾತ್ರ ಅಂದುಕೊಳ್ಳಬೇಡಿ. ನಿಮ್ಮ ಮನೆಯಲ್ಲಿ ನಕ್ಷತ್ರ ಯಾವಾಗ ಕಟ್ಟಬೇಕು ಎನ್ನುವುದು ನಿಮಗೆ ಬಿಟ್ಟದ್ದು. ಅದಕ್ಕೆ ನಾನು ಬರುವುದಿಲ್ಲ.

ದಯವಿಟ್ಟು 22ರವರೆಗೆ ಮಕ್ಕಳ ಜೊತೆ ಕೇಕ್, ಗಿಫ್ಟ್, ಸಾಂತಾ ಡ್ರೆಸ್ ಕಳಿಸಬೇಡಿ.

23ರ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಕಾರ್ಯಕ್ರಮ. ಎಲ್ಲರೂ ಬನ್ನಿ. ಅಜ್ಜ ಅಜ್ಜಿಯರನ್ನೂ ಕರೆದುಕೊಂಡು ಬನ್ನಿ, ಕುರ್ಚಿ ಜಾಸ್ತಿ ಹಾಕಿಸುತ್ತೇವೆ. ಬೇಜಾರು ಇನ್ನೂ ಉಳಿದಿದ್ದರೆ ಗುಂಪಿನಲ್ಲಿ ಬರೆಯುವ ಬದಲು ಮಧ್ಯಾಹ್ನ ಮೂರರ ನಂತರ ಆಫೀಸಿಗೆ ಬಂದು ಹೇಳಿ. ಚಹಾ ಕುಡಿಯುತ್ತಾ ಮಾತನಾಡೋಣ.

ಪ್ರೀತಿಯಿಂದ,
ನಿಮ್ಮ ಮುಖ್ಯೋಪಾಧ್ಯಾಯಿನಿ

ಮರೆತಿದ್ದೆ: ತಮ್ಮ ಮಗನದು ಕಡಿಮೆ ಆಗಬಾರದು ಎಂದು ಯಾರೋ ಒಂದು ಇಡೀ ಕಟ್ಟು ಬೈಹುಲ್ಲು ಆಟೋದಲ್ಲಿ ಕಳಿಸಿದ್ದೀರಿ. ಅದು ಆಫೀಸಿನ ಹಿಂದೆ ಇದೆ. ಮಳೆ ಬಂದು ನೆನೆಯುವ ಮೊದಲು ತೆಗೆದುಕೊಂಡು ಹೋಗಿ, ದನಕ್ಕಾದರೂ ಆಗುತ್ತದೆ.