ಸಾಗರಮಾಥಾಕ್ಕೆ ಹೊರಟ ಪುಟ್ಟಿಗೆ ಅತ್ತೆಯ ಪತ್ರ

ಚಿ. ಪುಟ್ಟಿಗೆ ನಿನ್ನ ಅತ್ತೆಯ ಆಶೀರ್ವಾದಗಳು.

ನೇಪಾಳದವರು ಸಾಗರಮಾಥಾ ಎನ್ನುವ ಎವರೆಸ್ಟ್ ಶಿಖರದ ಬುಡದವರೆಗೆ ನಡೆಯಲು ಹೊರಟಿರುವ ನಿನ್ನ ಪತ್ರ ತಲುಪಿತು. ಹೊರಡುವ ದಿನ, ಜೊತೆಗಾರರ ವಿವರ, ನಿನ್ನ ಅಪ್ಪ ಕೊನೆಗೂ ಒಪ್ಪಿದ್ದು, ಇವೆಲ್ಲ ನನಗೆ ಮೊದಲೇ ತಿಳಿದ ಸಂಗತಿಗಳಾದ್ದರಿಂದ ಅವುಗಳ ಮಾತು ಬೇಡ. ನಾನು ಬರೆಯಲು ಕುಳಿತದ್ದು ನೀನು ಕೊನೆಯಲ್ಲಿ, ಹೇಳಲೋ ಬೇಡವೋ ಎಂಬಂತೆ, ಸೇರಿಸಿದ ಎರಡು ಸಾಲುಗಳಿಗಾಗಿ. "ಹೋದ ಸಲ ಮೇಲಿದ್ದಾಗ ತಲೆ ಸಿಡಿಯುತ್ತಿತ್ತು ಅತ್ತೆ, ಯಾರಿಗೂ ಹೇಳಲಿಲ್ಲ. ನನ್ನೊಬ್ಬಳಿಂದ ಎಲ್ಲರೂ ಹಿಂದಿರುಗುವಂತಾದರೆ ಎಂಬ ಭಯ ಈ ಸಲವೂ ಇದೆ" ಎಂದು ಬರೆದಿದ್ದೀಯೆ. ಚಳಿಯ ಭಯವನ್ನೋ, ತೂಗುಸೇತುವೆಯ ಭಯವನ್ನೋ, ನಡಿಗೆ ಶುರುವಾಗುವ ಲುಕ್ಲಾದ ವಿಮಾನ ನಿಲ್ದಾಣದ ಆ ಗಿಡ್ಡ ರನ್‌ವೇಯ ಭಯವನ್ನೋ ಬರೆದಿದ್ದರೆ ನಾಲ್ಕು ಧೈರ್ಯದ ಮಾತು ಹೇಳಿ ಸುಮ್ಮನಾಗುತ್ತಿದ್ದೆ. ಈ ಭಯ ಮಾತ್ರ ನನಗೆ ನಿದ್ದೆಗೊಡಲಿಲ್ಲ, ಏಕೆಂದರೆ ಸಾಮಾನ್ಯ ತಲೆನೋವು ಪ್ರಾಣಕ್ಕೆ ಎರವಾಗುವಷ್ಟು ಬೆಳೆಯಲು ಬೇಕಾದ ಸಮಯವನ್ನು ಅದಕ್ಕೆ ಕೊಡುವುದು ಇಂಥದೇ ಸಂಕೋಚ ಎಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ಮೊದಲು ನಿನ್ನ ಮನಸ್ಸಿನಲ್ಲಿರಬಹುದಾದ ಒಂದು ತಪ್ಪು ಎಣಿಕೆಯನ್ನು ತೆಗೆದುಹಾಕಬೇಕು. ತಲೆ ನೋಯುವುದೆಂದರೆ ತನ್ನಲ್ಲೇ ಏನೋ ಕೊರತೆಯಿದೆ, ತಯಾರಿ ಸಾಲದು ಎಂದು ನೀನು ತಿಳಿದಂತಿದೆ. ಅಲ್ಲಿನ ಗಾಳಿಯಲ್ಲಿಯೂ ಆಮ್ಲಜನಕದ ಪಾಲು ಇಲ್ಲಿನಷ್ಟೇ, ಶೇಕಡಾ 21ರಷ್ಟೇ, ಇರುತ್ತದೆ. ಕುಸಿಯುವುದು ಗಾಳಿಯ ಒತ್ತಡ. 5,500 ಮೀಟರಿನ ಸುಮಾರಿಗೆ ಅದು ಸಮುದ್ರಮಟ್ಟದ ಒತ್ತಡದ ಅರ್ಧಕ್ಕೆ ಇಳಿಯುತ್ತದೆ, ಆದ್ದರಿಂದ ಒಂದೊಂದು ಉಸಿರಿನಲ್ಲಿ ದೇಹಕ್ಕೆ ದಕ್ಕುವುದೂ ಅರ್ಧವೇ. ಅದಕ್ಕೆ ಹೊಂದಿಕೊಳ್ಳಲು ದೇಹಕ್ಕೆ ದಿನಗಳೇ ಬೇಕು, ಮತ್ತು ಎಷ್ಟು ದಿನ ಬೇಕೆಂಬುದು ಒಬ್ಬೊಬ್ಬರಿಗೂ ಬೇರೆ. ಬೆಳಗಿನ ಓಟ, ಮೆಟ್ಟಿಲು ಹತ್ತಿದ ಅಭ್ಯಾಸ, ಚಿಕ್ಕ ವಯಸ್ಸು, ಇವು ಯಾವುವೂ ಎತ್ತರದ ಈ ಕಾಯಿಲೆಯಿಂದ ಕಾಯುವುದಿಲ್ಲ. ಕಸುವಿರುವವರು ಬೇಗ ಬೇಗ ಏರಿಬಿಡುವುದರಿಂದ ಅವರೇ ಹೆಚ್ಚು ಸಿಕ್ಕಿಬೀಳುವುದೂ ಉಂಟು.

ವರ್ಷಗಳ ಹಿಂದೆ ಇದೇ ದಾರಿಯಲ್ಲಿ ಹೋದ ನಮ್ಮ ತಂಡದಲ್ಲಿಯೂ ಅಂಥ ಒಬ್ಬ ಗೆಳೆಯನಿದ್ದ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಮ್ಮೆಲ್ಲರಿಗಿಂತ ಗಟ್ಟಿಮುಟ್ಟಾದವನು, ದಾರಿಯಲ್ಲಿ ಬೇರೆಯವರ ಚೀಲವನ್ನೂ ತಾನೇ ಹೊರುತ್ತಿದ್ದವನು. ದಾರಿಯ ತಂಗುದಾಣವಾದ ತೆಂಗ್‌ಬೋಚೆಯಲ್ಲಿ ಊಟವನ್ನು ಅರ್ಧಕ್ಕೇ ಬಿಟ್ಟು ಎದ್ದ. ದಿಂಗ್‌ಬೋಚೆಯಲ್ಲಿ ಕೇಳಿದಾಗ ಹೊಟ್ಟೆ ಸರಿಯಿಲ್ಲ ಎಂದ. ಲೋಬೂಚೆಯ ಲಾಡ್ಜಿನಲ್ಲಿ, ಸಂಜೆ, ಬೆಂಚಿನ ಮೇಲೆ ಕುಳಿತು ಬೂಟಿನ ದಾರ ಕಟ್ಟಲು ತೊಡಗಿದ. ಎರಡು ತುದಿಗಳನ್ನೂ ಕೈಯಲ್ಲಿ ಹಿಡಿದುಕೊಂಡು ಅವುಗಳನ್ನೇ ನೋಡುತ್ತ ಕುಳಿತನೇ ಹೊರತು, ಮುಂದೇನು ಮಾಡಬೇಕೆಂಬುದು ಅವನಿಗೆ ಹೊಳೆಯುತ್ತಿರಲಿಲ್ಲ. ಅದನ್ನು ಗಮನಿಸಿದವನು ನಮ್ಮ ಗೈಡ್. ನೆಲದ ಹಲಗೆಗಳು ಕೂಡುವ ಗೆರೆಯ ಮೇಲೆ, ಒಂದು ಪಾದದ ಹಿಮ್ಮಡಿಗೆ ಇನ್ನೊಂದು ಪಾದದ ಬೆರಳು ತಾಗುವಂತೆ ಹೆಜ್ಜೆಯಿಟ್ಟು ನಡೆಯಲು ಹೇಳಿದ. ಎರಡು ಹೆಜ್ಜೆ ಹೇಗೋ ಇಟ್ಟು ಮೂರನೆಯದಕ್ಕೆ ಅವನು ಗೋಡೆಗೆ ವಾಲಿದ. ಆಮೇಲೆ ಗೈಡ್ ಯಾರ ಅಭಿಪ್ರಾಯವನ್ನೂ ಕೇಳಲಿಲ್ಲ. ಬೆಳಗಾಗಲಿ ಎಂದು ಕಾಯಲೂ ಇಲ್ಲ. ಹೆಡ್‌ಟಾರ್ಚ್ ಕಟ್ಟಿಕೊಂಡು, ಪೋರ್ಟರುಗಳ ಜೊತೆ ಸರದಿಯಂತೆ ಅವನನ್ನು ಬೆನ್ನ ಮೇಲೆ ಹೊತ್ತು, ಸುಮಾರು 570 ಮೀಟರ್ ಕೆಳಗಿರುವ ಫೆರಿಚೆಗೆ ಕತ್ತಲಲ್ಲೇ ಇಳಿಸಿದರು.

ಹಾಗೆ ಇಳಿಸಿದ್ದರಿಂದಲೇ ಅವನು ಉಳಿದ. ಮಿದುಳು ಊದಿಕೊಂಡು ನಡಿಗೆ ತಪ್ಪಲು ತೊಡಗಿದ ಮೇಲೆ, ಕೆಳಗಿಳಿಸದಿದ್ದರೆ 24 ಗಂಟೆಯೊಳಗೇ ಸಾವು ಬರಬಹುದು. ಮಾರನೆಯ ಬೆಳಿಗ್ಗೆ ನಾನು ಅವನನ್ನು ನೋಡಲು ಹೋದಾಗ, ತನಗೆ ಏನಾಗಿತ್ತು ಎಂದು ಅವನು ಕೇಳಲಿಲ್ಲ. "ನೀವೆಲ್ಲ ಯಾಕೆ ಇಳಿದಿರಿ, ಕಾಲಾಪತ್ಥರ್ ಬೆಟ್ಟ ಹತ್ತಿ ಶಿಖರ ನೋಡಲಿಲ್ಲವೇ?" ಎಂದು ಕೇಳಿ ಮುಖ ತಿರುಗಿಸಿಕೊಂಡ. ನಿನ್ನ ಪತ್ರದ ಸಾಲನ್ನು ಓದಿದಾಗ ನನಗೆ ಕೇಳಿಸಿದ್ದು ಅದೇ ಪ್ರಶ್ನೆ.

ಊರಿಗೆ ಮರಳಿದ ಮೇಲೆ ಅವನು ನಮ್ಮೊಡನೆ ಮತ್ತೆಂದೂ ಬೆಟ್ಟಕ್ಕೆ ಬರಲಿಲ್ಲ. ಯಾರೂ ಅವನನ್ನು ಒಂದು ಮಾತು ಆಡಿದವರಲ್ಲ, ಆದರೂ ನಮ್ಮೆಲ್ಲರ ರಜೆ ಮತ್ತು ಹಣ ತನ್ನಿಂದ ಹಾಳಾಯಿತೆಂಬ ಭಾರವನ್ನು ಅವನು ಇಳಿಸಲೇ ಇಲ್ಲ. ಕ್ರಮೇಣ ಪತ್ರಗಳೂ ನಿಂತವು. ಶಿಖರ ನೋಡದೆ ಬಂದುದಕ್ಕೆ ನನಗೆ ಎಂದೂ ವ್ಯಥೆಯಾಗಿಲ್ಲ. ಒಳ್ಳೆಯ ಗೆಳೆಯನೊಬ್ಬ ನಾಚಿಕೆಯ ಕಾರಣಕ್ಕೆ ದೂರವಾದನಲ್ಲ ಎಂಬುದು ಇಷ್ಟು ವರ್ಷಗಳ ಮೇಲೂ ಕೊರೆಯುತ್ತದೆ. ದಿಂಗ್‌ಬೋಚೆಯಲ್ಲಿಯೇ ತಲೆನೋವು ಎಂದಿದ್ದರೆ ಅಲ್ಲಿ ಇನ್ನೊಂದು ರಾತ್ರಿ ಉಳಿಯುತ್ತಿದ್ದೆವು, ನೋವು ಇಳಿದ ಮೇಲೆ ಪ್ರಾಯಶಃ ಎಲ್ಲರೂ ಕೂಡಿಯೇ ಮೇಲೆ ಹೋಗುತ್ತಿದ್ದೆವು.

ನಿನ್ನ ಭಯಕ್ಕೆ ನನ್ನಲ್ಲಿರುವ ಉತ್ತರ ಇದೊಂದೇ, ಪುಟ್ಟಿ. ಮೊದಲ ತಲೆನೋವಿಗೇ ಬಾಯಿಬಿಟ್ಟು ಹೇಳಿದವರಿಂದ ತಂಡಕ್ಕೆ ಹೆಚ್ಚೆಂದರೆ ಒಂದು ದಿನ ತಡವಾಗುತ್ತದೆ. ತಂಡವೇ ಹಿಂದಿರುಗಬೇಕಾಗುವುದು ಬಹುಮಟ್ಟಿಗೆ ಮುಚ್ಚಿಟ್ಟವರಿಂದ. ನೀನು ಯಾವುದಕ್ಕೆ ಹೆದರಿ ಸುಮ್ಮನಿರುತ್ತೀಯೋ, ಸುಮ್ಮನಿರುವುದರಿಂದ ಅದೇ ಆಗುತ್ತದೆ.

ಒಬ್ಬರು ಇಳಿದರೆ ಎಲ್ಲರೂ ಇಳಿಯಬೇಕೆಂದೂ ಇಲ್ಲ. ಕಾಯಿಲೆಯವರನ್ನು ಒಂಟಿಯಾಗಿ ಕಳುಹಿಸಬಾರದು, ಒಂಟಿಯಾಗಿ ಬಿಟ್ಟುಹೋಗಲೂ ಬಾರದು, ಅಷ್ಟೇ. ಜೊತೆಗೆ ಒಬ್ಬ ಗೈಡ್ ಅಥವಾ ಗಟ್ಟಿ ಸಂಗಾತಿ ಇದ್ದರೆ ಉಳಿದವರು ಮುಂದುವರಿಯಬಹುದು. ಆದ್ದರಿಂದ ಹೊರಡುವ ಮೊದಲೇ ಎಲ್ಲರೂ ಕುಳಿತು, ಯಾರಿಗಾದರೂ ಆಗದಿದ್ದರೆ ಜೊತೆಯಲ್ಲಿ ಇಳಿಯುವವರು ಯಾರು ಎಂದು ಮಾತಾಡಿಕೊಳ್ಳಿ. ಹಾಗೆ ಮಾತಾಗಿದ್ದರೆ ಮೇಲೆ ಹೋದ ಮೇಲೆ ಹೇಳಿಕೊಳ್ಳಲು ಬಾಯಿ ಬರುತ್ತದೆ. ಪ್ರತಿ ಸಂಜೆ ಊಟಕ್ಕೆ ಮೊದಲು ಒಬ್ಬೊಬ್ಬರೂ ತಲೆ, ಹೊಟ್ಟೆ, ನಿದ್ದೆ ಹೇಗಿದೆ ಎಂದು ಎಲ್ಲರೆದುರು ಹೇಳುವ ರೂಢಿ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಕೇಳಿದ ಮೇಲೆ ಹೇಳುವುದು ತಾನಾಗಿ ಹೇಳುವುದಕ್ಕಿಂತ ಸುಲಭ. ನಿಮ್ಮ ಹೊರೆ ಹೊರುವ ಹುಡುಗರನ್ನೂ ಕೇಳಿ. ಅವರಲ್ಲಿ ಅನೇಕರು ತಗ್ಗಿನ ಬೆಟ್ಟಗಳ ಹಳ್ಳಿಗಳಿಂದ ಬಂದವರು, ಎತ್ತರ ಅವರನ್ನೂ ಬಿಡುವುದಿಲ್ಲ, ಕೂಲಿ ತಪ್ಪೀತೆಂದು ಅವರೂ ಮುಚ್ಚಿಡುತ್ತಾರೆ.

ದಾರಿಯ ವಿಷಯದಲ್ಲಿ ನಾನು ಹೇಳಬೇಕಾದದ್ದು ಹೆಚ್ಚೇನಿಲ್ಲ, ನಿಮ್ಮ ಗೈಡಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಆದರೂ ಮಲಗುವ ಎತ್ತರದ ಮೇಲೆ ಕಣ್ಣಿಡು. 3,000 ಮೀಟರ್ ದಾಟಿದ ಮೇಲೆ ಇವತ್ತು ಮಲಗಿದ ಜಾಗಕ್ಕಿಂತ ನಾಳೆ ಮಲಗುವ ಜಾಗ 500 ಮೀಟರಿಗಿಂತ ಹೆಚ್ಚು ಎತ್ತರವಿರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ಒಂದು ದಿನ ತಂಗಬೇಕು ಎಂಬುದು ವೈದ್ಯರ ಮಾತು. ಸುಮಾರು 3,440 ಮೀಟರಿನಲ್ಲಿರುವ ನಾಮ್ಚೆ ಬಜಾರಿನಲ್ಲಿ ಎರಡು ರಾತ್ರಿ, 4,410 ಮೀಟರಿನ ದಿಂಗ್‌ಬೋಚೆಯಲ್ಲಿ ಎರಡು ರಾತ್ರಿ ಉಳಿಯುವ ಪದ್ಧತಿ ಅದಕ್ಕಾಗಿಯೇ ಬಂದದ್ದು. ತಂಗುವ ದಿನ ಹಾಸಿಗೆ ಹಿಡಿದಿರಬೇಡ. ತಲೆ ಹಗುರವಾಗಿದ್ದರೆ ಸ್ವಲ್ಪ ಮೇಲೆ ಹತ್ತಿ, ಅಲ್ಲಿ ತುಸು ಹೊತ್ತು ಕುಳಿತು, ಇಳಿದು ಬಂದು ಮಲಗು. ದಿನ ಉಳಿಸಲೆಂದು ಯಾರಾದರೂ ಈ ತಂಗುವಿಕೆಗಳನ್ನು ಕತ್ತರಿಸಲು ಹೊರಟರೆ ನಿನ್ನ ಅತ್ತೆ ಬೇಡವೆಂದಳು ಎಂದು ನನ್ನ ಮೇಲೆ ಹಾಕು.

ತಲೆನೋವಿರುವಾಗ ಇನ್ನೂ ಎತ್ತರಕ್ಕೆ ಮಲಗಲು ಹೋಗಬೇಡ. ನೋವಿನ ಮಾತ್ರೆ ತೆಗೆದುಕೊಳ್ಳಬಹುದು, ಆದರೆ ಅದನ್ನು ನುಂಗಿ ನೋವು ಅಡಗಿತೆಂದು ಅಂದೇ ಹತ್ತಲು ಹೊರಡುವುದು ಬೇರೆ ಮಾತು. ಅಲ್ಲೇ ತಂಗಿದರೂ ನೋವು ಏರುತ್ತಿದ್ದರೆ ಇಳಿಯಬೇಕು. ಕುಳಿತಲ್ಲೇ ಏದುಸಿರು ಬಂದರೆ, ಬಿಡದ ಕೆಮ್ಮು ಹತ್ತಿದರೆ, ಕುಡಿದವರಂತೆ ಹೆಜ್ಜೆ ತಪ್ಪಿದರೆ, ಮಾತು ತೊದಲಿದರೆ, ಆ ಕ್ಷಣವೇ ಇಳಿಯಬೇಕು, ಹೊತ್ತು ಯಾವುದಾದರೂ ಸರಿ. ಹೆಲಿಕಾಪ್ಟರ್ ಬರುತ್ತದೆಂದು ಕಾಯುತ್ತ ಕೂರುವಂತಿಲ್ಲ, ಮೋಡ ಮುಚ್ಚಿದರೆ ಅದು ಬರಲಾರದು. ಆದರೂ ಅದರ ಖರ್ಚು ಸೇರಿದ ವಿಮೆಯನ್ನು ಮಾಡಿಸಿಕೊಂಡೇ ಹೋಗು, ಇಲ್ಲದಿದ್ದರೆ ಹಣದ ಚಿಂತೆಯೂ ಬಾಯಿ ಕಟ್ಟಿಬಿಡುತ್ತದೆ.

ರಾತ್ರಿಯ ವಿಷಯವೊಂದನ್ನು ನಮಗೆ ಯಾರೂ ಹೇಳಿರಲಿಲ್ಲ. ಆ ಎತ್ತರದಲ್ಲಿ ನಿದ್ದೆಯಲ್ಲಿ ಉಸಿರು ಕೆಲವು ಕ್ಷಣ ಪೂರ್ತಿ ನಿಂತು, ಆಮೇಲೆ ದೊಡ್ಡದಾಗಿ ಎಳೆದುಕೊಂಡು ಮತ್ತೆ ಶುರುವಾಗುತ್ತದೆ. ಪಕ್ಕದ ಮಂಚದಿಂದ ಅದನ್ನು ಕೇಳುತ್ತ ನಾನು ಎಣಿಸುತ್ತ ಮಲಗಿದ್ದ ನೆನಪಿದೆ. ಅದಷ್ಟೇ ಆದರೆ ಗಾಬರಿ ಬೇಡ, ಹೊಸಬರಲ್ಲಿ ಅದು ಸಾಮಾನ್ಯ. ನಿದ್ದೆ ಬರುವುದಿಲ್ಲವೆಂದು ನಿದ್ರೆಮಾತ್ರೆಯನ್ನಾಗಲಿ ಮದ್ಯವನ್ನಾಗಲಿ ಮುಟ್ಟಬೇಡ, ಎರಡೂ ಉಸಿರಾಟವನ್ನು ಇನ್ನಷ್ಟು ಕುಗ್ಗಿಸುತ್ತವೆ. ಅಸಿಟಜೋಲಮೈಡ್ ಎಂಬ ಮಾತ್ರೆಯ ಬಗ್ಗೆ ನಿನ್ನ ಗೆಳತಿಯರು ಹೇಳಿರಬಹುದು. ಅದು ಹೊಂದಿಕೊಳ್ಳುವಿಕೆಯನ್ನು ಚುರುಕುಗೊಳಿಸುತ್ತದೆ, ಬೆರಳ ತುದಿಗಳಲ್ಲಿ ಜುಮ್ಮೆನ್ನಿಸುತ್ತದೆ, ಸಲ್ಫಾ ಔಷಧಿ ಒಗ್ಗದವರಿಗೆ ತೊಂದರೆಯಾಗಬಹುದು. ನಾನು ವೈದ್ಯಳಲ್ಲ, ತೆಗೆದುಕೊಳ್ಳಬೇಕೋ ಬೇಡವೋ ಎಂಬುದನ್ನು ವೈದ್ಯರನ್ನು ಕೇಳಿಯೇ ತೀರ್ಮಾನಿಸು. ಹೋದ ಸಲದ ತಲೆನೋವನ್ನು ಅವರಿಂದಲೂ ಮುಚ್ಚಿಡಬೇಡ.

ಫೆರಿಚೆಯಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ನಿನ ಚಿಕಿತ್ಸಾ ಕೇಂದ್ರವಿದೆ. ಆ ಸಂಸ್ಥೆ 1973ರಲ್ಲಿ ಆರಂಭವಾಯಿತು, ಚಾರಣದ ಋತುವಿನಲ್ಲಿ ಅಲ್ಲಿ ವೈದ್ಯರಿರುತ್ತಾರೆ, ಎತ್ತರದ ಕಾಯಿಲೆಯ ಬಗ್ಗೆ ಬಂದವರಿಗೆ ತಿಳಿಸಿ ಹೇಳುತ್ತಾರೆ. ನಿಮ್ಮ ದಾರಿ ದಿಂಗ್‌ಬೋಚೆಯ ಮೂಲಕ ಹೋದರೂ ತಂಗುವ ದಿನ ನಡುವಿನ ದಿಣ್ಣೆ ದಾಟಿ ಎಲ್ಲರನ್ನೂ ಕರೆದುಕೊಂಡು ಹೋಗು. ನನ್ನ ಪತ್ರಕ್ಕಿಂತ ಅವರ ಮಾತಿಗೆ ತೂಕ ಹೆಚ್ಚು. ಇನ್ನೂ ಮೇಲೆ, ಥುಕ್ಲಾದ ಏರು ಮುಗಿಯುವಲ್ಲಿ, ಸಾಗರಮಾಥಾ ಶಿಖರದಲ್ಲಿ ತೀರಿಕೊಂಡವರ ನೆನಪಿನ ಕಲ್ಲುಗೋಪುರಗಳಿವೆ. ಅಲ್ಲಿ ಸ್ವಲ್ಪ ಹೊತ್ತು ನಿಲ್ಲು, ಏದುಸಿರು ಇಳಿಯಲಿ.

ಉಳಿದ ಸಣ್ಣಪುಟ್ಟವನ್ನು ಸೇರಿಸಲೋ ಬೇಡವೋ ಎಂದು ಯೋಚಿಸಿದೆ. ಯಾಕ್‌ಗಳ ಸಾಲು ಎದುರಾದರೆ ಗುಡ್ಡದ ಕಡೆಗೇ ಸರಿದು ನಿಲ್ಲು, ಕಣಿವೆಯ ಕಡೆಗೆ ನಿಂತರೆ ಅವುಗಳ ಹೊರೆ ತಾಗಿ ಕೆಳಗೆ ಬಿದ್ದೀಯೆ. ನಿನ್ನ ಬೆನ್ನಿನ ಚೀಲದ ತೂಕ ಇಳಿಸು, ಆದರೆ ಬೆಚ್ಚನೆಯ ಬಟ್ಟೆಯನ್ನೂ ನೀರನ್ನೂ ನಿನ್ನ ಬಳಿಯೇ ಇಟ್ಟುಕೊ, ಪೋರ್ಟರ್ ಮುಂದೆ ಹೋಗಿಬಿಟ್ಟಿರುತ್ತಾನೆ. ಮಾತಾಡುತ್ತಲೇ ನಡೆಯಲು ಸಾಧ್ಯವಾಗುವಷ್ಟು ನಿಧಾನವಾಗಿ ನಡೆ.

ನಿನ್ನ ತಂಡದ ಮುಂದಾಳಿಗೆ ಹೋದ ಸಲದ ತಲೆನೋವಿನ ವಿಷಯವನ್ನು ಈ ವಾರವೇ ಹೇಳು. ಎದುರಿಗೆ ಹೇಳಲು ಕಷ್ಟವಾದರೆ ಈ ಪತ್ರವನ್ನೇ ಕೊಟ್ಟುಬಿಡು, ನನ್ನ ಅಡ್ಡಿಯೇನಿಲ್ಲ. ಹೇಳಿದ ಮೇಲೆ ಅವರು ಏನೆಂದರು, ಜೊತೆಯಲ್ಲಿ ಇಳಿಯುವವರು ಯಾರೆಂದು ಗೊತ್ತಾಯಿತೇ ಎಂಬುದನ್ನು ನನಗೆ ಬರೆ. ಆ ಉತ್ತರ ಬರುವವರೆಗೆ ನನಗೆ ಸಮಾಧಾನವಿಲ್ಲ.

ಇಂತಿ,
ನಿನ್ನ ಅತ್ತೆ