ಸವೆದ ಮೆಟ್ಟಿಲುಗಳ ಟ್ರೇಡ್ಸ್ ಹಾಲ್

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಮೆಲ್ಬರ್ನ್ ಪ್ರವಾಸದ ಬರಹ ಓದಿದೆ. ಟ್ರಾಮ್, ಕಾಫಿ, ಕಾರ್ಲ್ಟನ್ ಬಡಾವಣೆಯ ರಾಯಲ್ ಎಕ್ಸಿಬಿಷನ್ ಕಟ್ಟಡ, ಎಲ್ಲವೂ ಚೆನ್ನಾಗಿ ಬಂದಿವೆ. ಆದರೆ ಆ ಕಟ್ಟಡದಿಂದ ಐದು ನಿಮಿಷ ನಡೆದರೆ ಇನ್ನೊಂದು ಕಟ್ಟಡ ಸಿಗುತ್ತದೆ. ಅದರ ಹೆಸರೇ ಬರಹದಲ್ಲಿ ಇರಲಿಲ್ಲ. ನನಗೆ ಬೇಜಾರಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

ಅದು ವಿಕ್ಟೋರಿಯನ್ ಟ್ರೇಡ್ಸ್ ಹಾಲ್. ಲೈಗನ್ ರಸ್ತೆ, ವಿಕ್ಟೋರಿಯ ರಸ್ತೆ ಕೂಡುವ ಮೂಲೆಯಲ್ಲಿದೆ. ಕಾರ್ಮಿಕರೇ ಕಟ್ಟಿಕೊಂಡ ಸಂಘದ ಮನೆ. ಇಂದಿಗೂ ಸಂಘದ ಕೆಲಸವೇ ನಡೆಯುತ್ತಿರುವ ಇಂಥ ಕಟ್ಟಡಗಳಲ್ಲಿ ಜಗತ್ತಿನಲ್ಲೇ ಅತಿ ಹಳೆಯದು ಇದು ಎಂದು ಅಲ್ಲಿಯವರು ಹೆಮ್ಮೆಯಿಂದ ಹೇಳುತ್ತಾರೆ. ವಿಕ್ಟೋರಿಯ ರಾಜ್ಯದ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲೂ ಸೇರಿದೆ.

ನಾನು ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು. ಮಗಳ ಮನೆಗೆಂದು ಮೆಲ್ಬರ್ನ್‌ಗೆ ಹೋಗಿ ಎರಡು ತಿಂಗಳು ಇದ್ದೆ. ಅಳಿಯ ಒಂದು ಸಂಜೆ, "ಮಾವ, ನಿಮಗೆ ಇಷ್ಟ ಆಗೋ ಜಾಗ ಒಂದಿದೆ, ಬನ್ನಿ" ಎಂದು ಕರೆದುಕೊಂಡು ಹೋದರು. ಅವತ್ತಿನ ಮೇಲೆ ನಾನೊಬ್ಬನೇ ಟ್ರಾಮ್ ಹತ್ತಿ ಇನ್ನೂ ಮೂರು ಸಲ ಹೋಗಿ ಬಂದೆ.

ಇದರ ಕತೆ ಶುರುವಾಗುವುದು 1856ರ ಏಪ್ರಿಲ್ 21ರಂದು. ಮೆಲ್ಬರ್ನ್ ವಿಶ್ವವಿದ್ಯಾಲಯದ ಕಟ್ಟಡದ ಕೆಲಸ ಮಾಡುತ್ತಿದ್ದ ಕಲ್ಲುಕುಟಿಗರು ಅವತ್ತು ಉಳಿ ಸುತ್ತಿಗೆ ಕೆಳಗಿಟ್ಟರು. ಸಂಸತ್ ಭವನದ ಕಡೆಗೆ ಮೆರವಣಿಗೆ ಹೊರಟರು. ದಿನಕ್ಕೆ ಎಂಟು ಗಂಟೆ ಮಾತ್ರ ಕೆಲಸ, ಕೂಲಿ ಕಡಿಮೆ ಮಾಡಬಾರದು, ಇಷ್ಟೇ ಅವರ ಬೇಡಿಕೆ. ಮುಂದೆ ನಿಂತವರಲ್ಲಿ ಜೇಮ್ಸ್ ಸ್ಟೀಫನ್ಸ್, ಜೇಮ್ಸ್ ಗ್ಯಾಲೊವೆ ಎಂಬ ಕಲ್ಲುಕುಟಿಗರಿದ್ದರು. ಆಗ ಅಲ್ಲಿ ಚಿನ್ನದ ಗಣಿಗಳ ಕಾಲ. ಜನ ಚಿನ್ನ ಹುಡುಕಿಕೊಂಡು ಹೋಗುತ್ತಿದ್ದರು, ಕೈಕಸುಬು ಬಲ್ಲವರು ಸಿಗುವುದೇ ಕಷ್ಟವಾಗಿತ್ತು. ಹಾಗಾಗಿ ಅವರ ಮಾತಿಗೆ ಬೆಲೆ ಬಂತು, ಗೆದ್ದರು. ಕಟ್ಟಡ ಕೆಲಸದವರಿಗೆ ಎಂಟು ಗಂಟೆಯ ದಿನ ಸಿಕ್ಕಿತು.

ಗೆದ್ದ ಮೇಲೆ ಕೂತು ಮಾತಾಡಲು ಒಂದು ಸೂರು ಬೇಕಲ್ಲ. ಸರ್ಕಾರದಿಂದ ಜಾಗ ಪಡೆದರು. 1859ರಲ್ಲಿ ಮರದ ಗೋಡೆ, ತಗಡಿನ ಚಾವಣಿಯ ಮೊದಲ ಹಾಲ್ ಎದ್ದಿತು. ಅದಕ್ಕೆ ಇಟ್ಟ ಹೆಸರು 'ಟ್ರೇಡ್ಸ್ ಹಾಲ್ ಮತ್ತು ಸಾಹಿತ್ಯ ಸಂಸ್ಥೆ'. ಸಾಹಿತ್ಯ ಎಂಬ ಮಾತು ನೋಡಿ ನನಗೆ ಬಹಳ ಸಂತೋಷವಾಯಿತು. ಎಂಟು ಗಂಟೆ ದುಡಿದ ಮೇಲೆ ಉಳಿಯುವ ಹೊತ್ತು ಏಕೆ ಬೇಕು ಎಂಬುದಕ್ಕೆ ಅವರ ಉತ್ತರ ಆ ಹೆಸರಲ್ಲೇ ಇದೆ. ಓದಬೇಕು, ಕಲಿಯಬೇಕು. ಕೈಕೆಲಸಗಾರರಿಗೆ ಚಿತ್ರ ಬರೆಯಲು ಕಲಿಸುವ ಶಾಲೆಯೂ ಅಲ್ಲಿ ನಡೆಯಿತು. ಆಸ್ಟ್ರೇಲಿಯಾದ ದೊಡ್ಡ ಚಿತ್ರಕಾರ ಫ್ರೆಡರಿಕ್ ಮೆಕಬಿನ್ ಚಿಕ್ಕಂದಿನಲ್ಲಿ ಆ ಶಾಲೆಯಲ್ಲಿ ಕಲಿತವರು. ಅವರಪ್ಪ ಬ್ರೆಡ್ ಮಾಡುವವರು.

ಆಗಿನ ಕಸುಬಿನ ಸಂಘಗಳು ಬರೀ ಕೂಲಿ ಕೇಳುವ ಸಂಘಗಳಾಗಿರಲಿಲ್ಲ. ಕಾಯಿಲೆ ಬಿದ್ದವನಿಗೆ, ಸತ್ತವನ ಮನೆಯವರಿಗೆ ಚಂದಾ ದುಡ್ಡಿನಿಂದಲೇ ನೆರವು ಕೊಡುತ್ತಿದ್ದವು. ಸದಸ್ಯರು ಒಬ್ಬರನ್ನೊಬ್ಬರು ಬ್ರದರ್ ಎಂದೇ ಕರೆಯುತ್ತಿದ್ದರು. ಒಂದೊಂದು ಸಂಘಕ್ಕೂ ಚಿತ್ರ ಬರೆದ ದೊಡ್ಡ ಬಾವುಟ. ವರ್ಷಕ್ಕೊಮ್ಮೆ ಎಂಟು ಗಂಟೆಯ ದಿನದ ಮೆರವಣಿಗೆಯಲ್ಲಿ, ನಮ್ಮ ತೇರಿನ ಹಾಗೆ, ಅವನ್ನು ಹೊತ್ತು ಹೋಗುತ್ತಿದ್ದರು. 1879ರಿಂದ ಅವತ್ತು ವಿಕ್ಟೋರಿಯಾದಲ್ಲಿ ಸರ್ಕಾರಿ ರಜೆಯೇ ಆಯಿತು.

ಈಗ ಇರುವ ಕಟ್ಟಡ ಶುರುವಾಗಿದ್ದು 1874ರಲ್ಲಿ. ನಕ್ಷೆ ಜೋಸೆಫ್ ರೀಡ್ ಅವರ ಸಂಸ್ಥೆಯದು. ಊರಿನ ಟೌನ್ ಹಾಲ್, ಸ್ಟೇಟ್ ಲೈಬ್ರರಿ, ನಿಮ್ಮ ಬರಹದಲ್ಲಿದ್ದ ರಾಯಲ್ ಎಕ್ಸಿಬಿಷನ್ ಕಟ್ಟಡ, ಎಲ್ಲವೂ ರೀಡ್ ಕೈಯಿಂದಲೇ ಬಂದವು. ಅಂದರೆ ಊರಿನ ದೊಡ್ಡವರಿಗೆ ಕಟ್ಟಿಕೊಟ್ಟ ಆರ್ಕಿಟೆಕ್ಟೇ ಬಡಗಿಗೂ ಕಲ್ಲುಕುಟಿಗನಿಗೂ ಕಟ್ಟಿಕೊಟ್ಟರು. ಗ್ರೀಕ್, ರೋಮನ್ ಮಾದರಿಯ ಕಂಬಗಳು, ಎತ್ತರದ ಕಿಟಕಿಗಳು, ಇಟ್ಟಿಗೆ ಗೋಡೆಯ ಮೇಲೆ ಕಲ್ಲಿನಂತೆ ಕಾಣುವ ಗಾರೆ. ದೂರದಿಂದ ನೋಡಿದರೆ ಬ್ಯಾಂಕೋ ಕೋರ್ಟೋ ಅನ್ನಿಸಬೇಕು. ನನ್ನ ಪ್ರಕಾರ ಅವರು ಬೇಕೆಂದೇ ಹಾಗೆ ಕಟ್ಟಿಸಿದರು. ನಾವೂ ಈ ಊರಿನವರೇ, ನಮ್ಮ ಮನೆಯೂ ತಲೆ ಎತ್ತಿ ನಿಲ್ಲಲಿ ಎಂಬ ಆಸೆ ಅದರಲ್ಲಿ ಕಾಣುತ್ತದೆ.

ಒಂದೇ ಸಲಕ್ಕೆ ಮುಗಿದ ಕಟ್ಟಡವೂ ಅಲ್ಲ ಇದು. 1920ರ ದಶಕದವರೆಗೆ ಹಂತ ಹಂತವಾಗಿ ಬೆಳೆಯುತ್ತಾ ಹೋಯಿತು. ನಾವು ಮನೆ ಕಟ್ಟಿ, ಆಮೇಲೆ ಒಂದು ರೂಮು, ಇನ್ನೊಂದು ರೂಮು ಸೇರಿಸುತ್ತೇವಲ್ಲ, ಹಾಗೆ. ಅದಕ್ಕೇ ಒಳಗೆ ಓಣಿಗಳು ಎಲ್ಲೆಲ್ಲೋ ತಿರುಗುತ್ತವೆ. ಮೊದಲ ದಿನ ನಾನು ದಾರಿ ತಪ್ಪಿದೆ.

ನನ್ನ ಮನಸ್ಸಿನಲ್ಲಿ ಜಾಸ್ತಿ ಉಳಿದಿರುವುದು ಮೆಟ್ಟಿಲುಗಳು. ಅಲ್ಲಿಯವರು ಬ್ಲೂಸ್ಟೋನ್ ಎನ್ನುತ್ತಾರೆ, ನಮ್ಮ ಕಣ್ಣಿಗೆ ಅದು ಕಪ್ಪು ಕಲ್ಲೇ. ಪ್ರತಿ ಮೆಟ್ಟಿಲೂ ನಡುವೆ ತಟ್ಟೆಯಂತೆ ತಗ್ಗಾಗಿದೆ. ನೂರಾರು ವರ್ಷದ ದೇವಸ್ಥಾನದ ಹೊಸ್ತಿಲು ಸವೆದಿರುತ್ತದಲ್ಲ, ಥೇಟ್ ಹಾಗೆ. ಮೀಟಿಂಗಿಗೆ, ಚಂದಾ ಕಟ್ಟಲಿಕ್ಕೆ, ಕೆಲಸ ಹೋಯಿತೆಂದು ಹೇಳಿಕೊಳ್ಳಲಿಕ್ಕೆ ಬಂದವರ ಬೂಟುಗಳು ಸವೆಸಿದ ಕಲ್ಲು. ನಾನು ಬಗ್ಗಿ ಕೈಯಿಂದ ಮುಟ್ಟಿ ನೋಡಿದೆ. 1980-81ರಲ್ಲಿ ಬೆಂಗಳೂರಿನ ಸಾರ್ವಜನಿಕ ಉದ್ಯಮಗಳ ಕಾರ್ಮಿಕರು 77 ದಿನ ಮುಷ್ಕರ ಮಾಡಿದ್ದು ಹಳಬರಿಗೆ ನೆನಪಿರಬಹುದು. ನಾನಾಗ ಹೊಸದಾಗಿ ಕೆಲಸಕ್ಕೆ ಸೇರಿದ್ದ ಹುಡುಗ. ನಮ್ಮ ಸಭೆಗಳು ನಡೆದಿದ್ದು ಗೇಟಿನ ಮುಂದೆ, ಮರದ ಕೆಳಗೆ. ಅದೆಲ್ಲ ಆ ಮೆಟ್ಟಿಲ ಮೇಲೆ ನಿಂತಾಗ ನೆನಪಾಯಿತು.

ಗೋಡೆಯಲ್ಲಿ ಗುಂಡಿನ ಗುರುತುಗಳೂ ಇವೆ. 1915ರ ಅಕ್ಟೋಬರ್‌ನಲ್ಲಿ ರಾತ್ರಿ ಕಳ್ಳರು ನುಗ್ಗಿದಾಗ ಡೇವಿಡ್ ಮೆಕ್‌ಗ್ರಾ ಎಂಬ ಪೊಲೀಸ್ ಕಾನ್‌ಸ್ಟೆಬಲ್ ಗುಂಡೇಟಿಗೆ ಪ್ರಾಣ ಬಿಟ್ಟರು.

ಈ ಹಾಲ್‌ನ ಕತೆಯಲ್ಲಿ ಒಂದು ನೋವಿನ ಭಾಗವಿದೆ, ಅದನ್ನೂ ಹೇಳಲೇಬೇಕು. ಕಲ್ಲುಕುಟಿಗರಿಗೆ ಸಿಕ್ಕ ಎಂಟು ಗಂಟೆ ಬಟ್ಟೆ ಹೊಲಿಯುವ ಹೆಣ್ಣುಮಕ್ಕಳಿಗೆ ಸಿಕ್ಕಿರಲಿಲ್ಲ. 1882ರಲ್ಲಿ ಒಂದು ಬಟ್ಟೆ ಕಂಪನಿ ಹೊಲಿಗೆಯ ಪೀಸ್ ರೇಟ್, ಅಂದರೆ ಒಂದೊಂದು ಬಟ್ಟೆಗೆ ಕೊಡುವ ಕೂಲಿ, ಇಳಿಸಿದಾಗ ಅವರು ಮುಷ್ಕರ ಹೂಡಿದರು. ಟ್ರೇಡ್ಸ್ ಹಾಲ್‌ನಲ್ಲೇ ಸೇರಿ ತಮ್ಮದೇ ಸಂಘ ಕಟ್ಟಿದರು. ಅದಾದ ಮೇಲೆ ಪಕ್ಕದಲ್ಲೇ ದುಡಿಯುವ ಹೆಂಗಸರಿಗೆಂದು ಬೇರೆ ಹಾಲ್ ಎದ್ದಿತು. ಅದೀಗ ಇಲ್ಲ, 1960ರಲ್ಲಿ ಕೆಡವಿದರು. ಗಂಡಸರ ಹಾಲ್ ಪಟ್ಟಿಗೆ ಸೇರಿ ಉಳಿಯಿತು, ಹೆಂಗಸರ ಹಾಲ್ ಮಣ್ಣಾಯಿತು. ಸಮಾನ ವೇತನಕ್ಕಾಗಿ 1969ರಲ್ಲಿ ಸರಪಳಿಯಿಂದ ತಮ್ಮನ್ನು ಸರ್ಕಾರಿ ಕಟ್ಟಡದ ಬಾಗಿಲಿಗೆ ಕಟ್ಟಿಕೊಂಡ ಜೆಲ್ಡಾ ಡಿ'ಅಪ್ರಾನೊ ಅವರ ಪ್ರತಿಮೆಯನ್ನು 2023ರಲ್ಲಿ ಟ್ರೇಡ್ಸ್ ಹಾಲ್ ಹೊರಗೆ ನಿಲ್ಲಿಸಿದ್ದಾರೆ. ಅದನ್ನು ನೋಡಿ ಸ್ವಲ್ಪ ಸಮಾಧಾನವಾಯಿತು.

ರಸ್ತೆಯ ಆಚೆ ಮೂಲೆಯಲ್ಲಿ ಒಂದು ಕಂಬವಿದೆ. ತುದಿಯಲ್ಲಿ 888 ಎಂಬ ಅಂಕಿ. ಎಂಟು ಗಂಟೆ ದುಡಿಮೆ, ಎಂಟು ಗಂಟೆ ಬಿಡುವು, ಎಂಟು ಗಂಟೆ ನಿದ್ದೆ. 1903ರ ಸ್ಮಾರಕ. ನಮ್ಮ ರಾಜ್ಯದಲ್ಲಿ 2023ರಲ್ಲಿ ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಯ ಮಿತಿಯಲ್ಲೇ, ದಿನಕ್ಕೆ 12 ಗಂಟೆಯವರೆಗೆ ದುಡಿಸಲು ದಾರಿ ಮಾಡಿದ್ದಾರೆ. ಆ ಕಂಬದ ಕೆಳಗೆ ನಿಂತು ನಾನು ಅದನ್ನು ಯೋಚಿಸದೆ ಇರಲಾಗಲಿಲ್ಲ.

ಇನ್ನು ಕಟ್ಟಡ ಹೇಗೆ ಉಳಿದಿದೆ ಎಂಬುದು. ಬೀಗ ಹಾಕಿ, ಬೋರ್ಡು ಬರೆಸಿ ಸುಮ್ನೆ ಬಿಟ್ಟಿಲ್ಲ. ಮೇಲೆ ಯೂನಿಯನ್ ಆಫೀಸುಗಳಿವೆ. ಕೆಳಗೆ ಪುಸ್ತಕದ ಅಂಗಡಿ. ಊರಿನ ಕಾಮಿಡಿ ಉತ್ಸವ ಬಂತೆಂದರೆ ಹಳೆಯ ಸಭಾಂಗಣಗಳೇ ರಂಗಮಂದಿರ ಆಗುತ್ತವೆ. ಯುವಕರು ಟಿಕೆಟ್ ಹಿಡಿದು ಅವೇ ಸವೆದ ಮೆಟ್ಟಿಲು ಹತ್ತುತ್ತಾರೆ. ನಮ್ಮಲ್ಲಿ ರಾಜಾ ಮಿಲ್ ಇದ್ದ ಜಾಗದಲ್ಲಿ ಮಾಲ್ ಬಂತು. ಬಿನ್ನಿ ಮಿಲ್ ಹೋಯಿತು. ಅರಮನೆ, ಚರ್ಚು, ಕೋರ್ಟುಗಳನ್ನು ಪರಂಪರೆ ಎಂದು ಕಾಪಾಡುತ್ತೇವೆ, ಸರಿಯೇ. ಕಾರ್ಮಿಕರು ಚಂದಾ ಎತ್ತಿ ಕಟ್ಟಿದ ಸಂಘದ ಕಟ್ಟಡಗಳೂ, ಅವರು ನಡೆಸಿದ ಓದುವ ಕೋಣೆಗಳೂ ಆ ಪಟ್ಟಿಗೆ ಸೇರಬೇಕು, ಅಲ್ವಾ?

ನಿಮ್ಮಲ್ಲಿ ಒಂದು ಕೋರಿಕೆ. ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ, ಕೆಜಿಎಫ್, ಭದ್ರಾವತಿಯ ಓದುಗರನ್ನು ಕೇಳಿ. ಅವರ ಊರಿನಲ್ಲಿ ಅಂಥ ಯಾವ ಕಟ್ಟಡ ಇನ್ನೂ ನಿಂತಿದೆ, ಹಳೆಯ ಫೋಟೋ ಯಾರ ಮನೆಯಲ್ಲಿದೆ ಎಂದು ಬರೆಯಲಿ. ಒಂದೊಂದಾಗಿ ಪುರವಣಿಯಲ್ಲಿ ಹಾಕಿ. ನನ್ನ ಹತ್ತಿರ ಗೇಟ್ ಸಭೆಯ ಎರಡು ಫೋಟೋಗಳಿವೆ, ಕಳಿಸಲು ಸಿದ್ಧ.

ಟ್ರೇಡ್ಸ್ ಹಾಲ್ ಮೆಟ್ಟಿಲುಗಳ ಚಿತ್ರವನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಅಳಿಯ ತೆಗೆದದ್ದು. ಜಾಗವಿದ್ದರೆ ಅಚ್ಚು ಹಾಕಿ.

ಇಂತಿ ನಿಮ್ಮ ಓದುಗ,
ಒಬ್ಬ ನಿವೃತ್ತ ಫಿಟ್ಟರ್, ಬೆಂಗಳೂರು